ಇರುಳಿನ ಉಸಿರು: ಸೆರೆಬ್ರಲ್ ಪಾಲ್ಸಿಯ ಚರಿತ್ರೆಯಲ್ಲಿ ತಡವಾಗಿ ತೆರೆದ ಅಧ್ಯಾಯ

ಗರ್ಭದಲ್ಲಿ, ಹೆರಿಗೆಯ ಹೊತ್ತಿನಲ್ಲಿ ಅಥವಾ ಹುಟ್ಟಿದ ಆರಂಭದ ದಿನಗಳಲ್ಲಿ ಬೆಳೆಯುತ್ತಿರುವ ಮಿದುಳಿಗೆ ಒದಗಿದ ಹಾನಿಯಿಂದ ಮಗುವಿನ ಚಲನೆಯೂ ದೇಹದ ನಿಲುವೂ ಬದುಕಿನುದ್ದಕ್ಕೂ ತೊಡಕಿಗೆ ಒಳಗಾಗುವ ಸ್ಥಿತಿಯನ್ನು ಇಂದು ಸೆರೆಬ್ರಲ್ ಪಾಲ್ಸಿ ಎಂದು ಕರೆಯಲಾಗುತ್ತದೆ. ಈ ಸ್ಥಿತಿ ವೈದ್ಯಕೀಯದ ಗಮನಕ್ಕೆ ಬಂದದ್ದೇ ಉಸಿರಿನ ಪ್ರಶ್ನೆಯ ಮೂಲಕ. ಹುಟ್ಟಿದ ಕೂಡಲೇ ಉಸಿರಾಡದ ಮಕ್ಕಳಲ್ಲಿ ಕೆಲವರು ಮುಂದೆ ಬಿಗಿದ ಕೈಕಾಲುಗಳೊಂದಿಗೆ ಬೆಳೆಯುತ್ತಾರೆ ಎಂಬ ವಾದದಿಂದ ಅದರ ಆಧುನಿಕ ಚರಿತ್ರೆ ಆರಂಭವಾಗುತ್ತದೆ. ಆದರೆ ಹೀಗೆ ಕಾರಣವಾಗಿ ಒಳಬಂದ ಉಸಿರು ಮೊದಲ ಕೆಲವು ನಿಮಿಷಗಳ ಲೆಕ್ಕಕ್ಕೇ ಸೀಮಿತವಾಗಿ ಉಳಿಯಿತು. ಅದೇ ಮಗು ಮುಂದೆ ಪ್ರತಿ ರಾತ್ರಿ ನಿದ್ರೆಯಲ್ಲಿ ಹೇಗೆ ಉಸಿರಾಡುತ್ತದೆ ಎಂಬುದನ್ನು ಅಳೆದು ನೋಡುವ ಕೆಲಸ ಗಟ್ಟಿಯಾಗಿ ನೆಲೆಗೊಳ್ಳಲು 1990ರ ದಶಕದವರೆಗೆ ಕಾಯಬೇಕಾಯಿತು. ಈ ವಿಳಂಬಕ್ಕೆ ಉಪಕರಣಗಳ ಕೊರತೆಯೊಂದೇ ಕಾರಣವಲ್ಲ. ಕಾಯಿಲೆ ಯಾವ ವೈದ್ಯಶಾಖೆಯ ಕೈಗೆ ಸೇರಿತು, ಅದನ್ನು ಯಾವ ಹೊತ್ತಿನಲ್ಲಿ ನೋಡಲಾಯಿತು, ನಿದ್ರೆಯನ್ನು ಏನೆಂದು ಭಾವಿಸಲಾಯಿತು ಎಂಬ ಸಂಗತಿಗಳೂ ಈ ವಿಳಂಬದಲ್ಲಿ ಅಷ್ಟೇ ಪಾಲು ಪಡೆದಿವೆ.

ಆ ವಾದವನ್ನು ಮುಂದಿಟ್ಟವನು ಲಂಡನ್ನಿನ ವಿಲಿಯಂ ಜಾನ್ ಲಿಟಲ್. 1810ರಲ್ಲಿ ಹುಟ್ಟಿದ ಲಿಟಲ್ ಸ್ವತಃ ಸೊಟ್ಟಪಾದದಿಂದ ಬಳಲಿದವನು. 1836ರಲ್ಲಿ ಜರ್ಮನಿಯ ಹ್ಯಾನೋವರಿನಲ್ಲಿ ಲೂಯಿ ಸ್ಟ್ರೋಮೇಯರ್ ಎಂಬ ಶಸ್ತ್ರವೈದ್ಯ ಸ್ನಾಯುರಜ್ಜುವನ್ನು ಕತ್ತರಿಸಿ ಆ ಪಾದವನ್ನು ಸರಿಪಡಿಸಿದ ಬಳಿಕ ಆ ವಿದ್ಯೆಯನ್ನು ತಾನೂ ಕಲಿತು ಲಂಡನ್ನಿಗೆ ಮರಳಿ ಮೂಳೆ ಮತ್ತು ಕೀಲುಗಳ ಚಿಕಿತ್ಸೆಗೆ ಮೀಸಲಾದ ಆಸ್ಪತ್ರೆಯನ್ನು ಕಟ್ಟಿದನು. 1861ರ ಅಕ್ಟೋಬರಿನಲ್ಲಿ ಲಂಡನ್ನಿನ ಪ್ರಸೂತಿವೈದ್ಯರ ಸಂಘದ ಮುಂದೆ ಆತ ಓದಿದ ಪ್ರಬಂಧ, ಕಷ್ಟದ ಹೆರಿಗೆ, ಅವಧಿಗೆ ಮುನ್ನ ಆಗುವ ಜನನ ಮತ್ತು ಹುಟ್ಟಿನ ವೇಳೆಯ ಉಸಿರುಕಟ್ಟುವಿಕೆಗಳು ಮಗುವಿನ ದೇಹ ಹಾಗೂ ಮನಸ್ಸಿನ ಮೇಲೆ ಉಂಟುಮಾಡುವ ಪರಿಣಾಮವನ್ನು ಕುರಿತದ್ದಾಗಿತ್ತು. ಮುಂದಿನ ವರ್ಷ ಅಚ್ಚಾದ ಆ ಬರಹದಿಂದಾಗಿ ಈ ಸ್ಥಿತಿಗೆ ದೀರ್ಘಕಾಲ ಲಿಟಲ್‌ನ ಕಾಯಿಲೆ ಎಂಬ ಹೆಸರೇ ನಿಂತಿತು. ಲಿಟಲ್‌ನ ದೊಡ್ಡತನ ಬಿಗಿದ ಕಾಲಿನಿಂದ ಮಿದುಳಿನವರೆಗೆ, ಮಿದುಳಿನಿಂದ ಹುಟ್ಟಿನ ಗಳಿಗೆಯವರೆಗೆ ಹಿಂದಕ್ಕೆ ನೋಡಿದ್ದರಲ್ಲಿದೆ. ಆದರೆ ಆತ ಕೈಯಲ್ಲಿ ಹಿಡಿದಿದ್ದ ವಿದ್ಯೆ ಸ್ನಾಯುರಜ್ಜುವಿನದಾದ್ದರಿಂದ, ಕಾಯಿಲೆಯೂ ಅದೇ ವಿದ್ಯೆಯ ಸ್ವತ್ತಾಗಿ ಉಳಿಯಿತು. ಹಿಮ್ಮಡಿ ನೆಲಕ್ಕೆ ಊರುತ್ತದೆಯೇ, ಮಂಡಿ ನೆಟ್ಟಗಾಗುತ್ತದೆಯೇ, ಮಗು ನಿಲ್ಲಬಲ್ಲದೇ ಎಂಬವು ಮುಂದಿನ ನೂರು ವರ್ಷಗಳ ಮುಖ್ಯ ಪ್ರಶ್ನೆಗಳಾದವು.

ಇದೇ ಕಾಲದಲ್ಲಿ ಮಕ್ಕಳ ಉಸಿರಿನ ಇನ್ನೊಂದು ಕಥೆ ಬೇರೊಂದು ದಾರಿಯಲ್ಲಿ ಸಾಗುತ್ತಿತ್ತು. 1868ರಲ್ಲಿ ಕೋಪನ್‌ಹೇಗನ್ನಿನ ವಿಲ್ಹೆಲ್ಮ್ ಮೇಯರ್, ಮೂಗಿನ ಹಿಂಭಾಗದಲ್ಲಿ, ಗಂಟಲಿನ ಮೇಲ್ಗಡೆ ಬೆಳೆಯುವ ಅಡಿನಾಯ್ಡ್ ಎಂಬ ಅಂಗಾಂಶವು ಮಕ್ಕಳ ಮೂಗಿನ ಉಸಿರನ್ನು ಹೇಗೆ ಕಟ್ಟಿಹಾಕುತ್ತದೆ ಎಂಬುದನ್ನು ವಿವರಿಸಿದನು. 1889ರಲ್ಲಿ ಇಂಗ್ಲೆಂಡಿನ ವಿಲಿಯಂ ಹಿಲ್ ಎಂಬ ವೈದ್ಯ, ಶಾಲೆಯಲ್ಲಿ ಹಿಂದುಳಿದವರೆಂದು ತಳ್ಳಿಹಾಕಲಾದ ಕೆಲವು ಮಕ್ಕಳ ಮಂಕುತನಕ್ಕೆ ಹೀಗೆ ಕಟ್ಟಿದ ಮೂಗೇ ಕಾರಣವಿರಬಹುದೆಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದನು. ಅದೇ 1889ರಲ್ಲಿ ವಿಲಿಯಂ ಆಸ್ಲರ್, ಫಿಲಡೆಲ್ಫಿಯಾದ ನರರೋಗಗಳ ಚಿಕಿತ್ಸಾಲಯದ ಅನುಭವವನ್ನು ಆಧರಿಸಿ, 151 ಪ್ರಕರಣಗಳನ್ನು ವರ್ಗೀಕರಿಸಿದ ಪುಸ್ತಕವೊಂದನ್ನು ಮಕ್ಕಳ ಸೆರೆಬ್ರಲ್ ಪಾಲ್ಸಿಯ ಬಗ್ಗೆ ಹೊರತಂದನು. ಈ ಹೆಸರು ವೈದ್ಯಲೋಕದಲ್ಲಿ ನೆಲೆಯೂರಿದ್ದರಲ್ಲಿ ಆ ಪುಸ್ತಕದ ಪಾತ್ರ ದೊಡ್ಡದು. ಮೂರು ವರ್ಷಗಳ ನಂತರ, 1892ರಲ್ಲಿ, ಆಸ್ಲರ್ ಪ್ರಕಟಿಸಿದ ಪ್ರಸಿದ್ಧ ವೈದ್ಯಕೀಯ ಪಠ್ಯಪುಸ್ತಕದಲ್ಲಿ ಟಾನ್ಸಿಲ್ ಊದಿಕೊಂಡ ಮಕ್ಕಳ ರಾತ್ರಿಯ ವರ್ಣನೆಯೊಂದಿದೆ: ಬಾಯಿ ತೆರೆದ ನಿದ್ರೆ, ಜೋರಾದ ಗೊರಕೆ, ನಡುವೆ ಉಸಿರು ನಿಂತೇಹೋಗುವ ಅವಧಿಗಳು, ಆ ಮೇಲೆ ಸದ್ದಿನೊಂದಿಗೆ ಎಳೆದುಕೊಳ್ಳುವ ದೀರ್ಘ ಶ್ವಾಸ, ಹಗಲಿನಲ್ಲಿ ಕಳೆಗುಂದಿದ ಮುಖ. ಇಂದಿನ ನಿದ್ರಾತಜ್ಞರು ಮಕ್ಕಳ ಉಸಿರುತಡೆಯನ್ನು ವಿವರಿಸಬೇಕಾದರೆ ಹೆಚ್ಚುಕಡಿಮೆ ಇದೇ ಲಕ್ಷಣಗಳನ್ನು ಹೇಳುತ್ತಾರೆ. ಎರಡೂ ಸಂಗತಿಗಳನ್ನು ಅಷ್ಟು ಸ್ಪಷ್ಟವಾಗಿ ಕಂಡ ಕಣ್ಣು ಒಂದೇ, ಬರೆದ ಕೈ ಒಂದೇ. ಹೀಗಿದ್ದೂ ಒಂದು ನರರೋಗದ ವಿಭಾಗಕ್ಕೂ ಮತ್ತೊಂದು ಗಂಟಲಿನ ವಿಭಾಗಕ್ಕೂ ಸೇರಿ, ಅವುಗಳ ನಡುವಿನ ದಾರಿ ಒಂದು ಶತಮಾನದ ಕಾಲ ಹೆಚ್ಚಾಗಿ ತುಳಿಯದ ದಾರಿಯಾಗಿಯೇ ಉಳಿಯಿತು. ವೈದ್ಯಶಾಸ್ತ್ರ ಶಾಖೆಗಳಾಗಿ ಒಡೆಯುವಾಗ ರೋಗಿಯ ದೇಹವೂ ಹೇಗೆ ಪಾಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಸಿಗುವುದು ಕಷ್ಟ.

ನಿದ್ರೆಯ ಬಗ್ಗೆ ಇದ್ದ ಒಂದು ಸಹಜ ಭಾವನೆಯೂ ಈ ಮರೆವಿಗೆ ನೆರವಾಯಿತು. ಸೆರೆಬ್ರಲ್ ಪಾಲ್ಸಿಯ ಬಹುಪಾಲು ಮಕ್ಕಳಲ್ಲಿ ಸ್ನಾಯುಗಳ ಅತಿಯಾದ ಬಿಗಿತ, ಅಂದರೆ ಸ್ಪಾಸ್ಟಿಸಿಟಿ, ಪ್ರಧಾನ ಲಕ್ಷಣ. ಇನ್ನು ಕೆಲವರಲ್ಲಿ, ಉದಾಹರಣೆಗೆ ನವಜಾತ ಶಿಶುವಿನ ತೀವ್ರ ಕಾಮಾಲೆಯಿಂದ ಮಿದುಳಿನ ಆಳದ ಭಾಗಗಳು ಹಾಳಾದವರಲ್ಲಿ, ಇಚ್ಛೆಯ ಹಿಡಿತಕ್ಕೆ ಸಿಗದೆ ಕೈಕಾಲು ತಿರುಚುವ ಚಲನೆಗಳು ಕಾಣುತ್ತವೆ. ಮಗು ಗಾಢವಾಗಿ ನಿದ್ರಿಸಿದಾಗ ಬಿಗಿತ ಸಡಿಲಗೊಳ್ಳುತ್ತದೆ, ತಿರುಚುವ ಚಲನೆಗಳು ಸಾಮಾನ್ಯವಾಗಿ ಅಡಗುತ್ತವೆ. ಹಗಲೆಲ್ಲ ತನ್ನ ದೇಹದೊಡನೆಯೇ ಹೋರಾಡುವ ಮಗುವಿನ ಕೈ ರಾತ್ರಿ ಮೆತ್ತಗೆ ತೆರೆದುಕೊಂಡದ್ದನ್ನು ಕಂಡ ತಾಯಿಗೂ ವೈದ್ಯನಿಗೂ ನಿದ್ರೆಯೆಂದರೆ ಕಾಯಿಲೆ ಬಿಡುವು ಕೊಟ್ಟ ಹೊತ್ತೆಂದೇ ತೋರಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಕೈಕಾಲಿಗೆ ಬಿಡುವಾಗುವ ಅದೇ ಸಡಿಲತೆ ಗಂಟಲಿಗೆ ಅಪಾಯವಾಗಬಲ್ಲದು ಎಂಬುದು ಈ ಅಧ್ಯಾಯದ ನಡುಭಾಗದ ಸತ್ಯ.

ಮನುಷ್ಯನ ಗಂಟಲು, ಮೂಗಿನ ಹಿಂಭಾಗದಿಂದ ಧ್ವನಿಪೆಟ್ಟಿಗೆಯವರೆಗಿನ ಭಾಗ, ಎಲುಬಿನ ಆಸರೆಯಿಲ್ಲದ ಮೆತ್ತನೆಯ ಕೊಳವೆ. ಉಸಿರನ್ನು ಒಳಗೆಳೆದುಕೊಳ್ಳುವಾಗ ಉಂಟಾಗುವ ಸೆಳೆತಕ್ಕೆ ಅದು ಕುಸಿಯದಂತೆ ನಾಲಿಗೆಯನ್ನು ಮುಂದಕ್ಕೆ ಹಿಡಿಯುವ, ಅಂಗುಳನ್ನು ಬಿಗಿಯುವ ಸ್ನಾಯುಗಳು ಪ್ರತಿ ಉಸಿರಿಗೂ ತುಸು ಮುಂಚಿತವಾಗಿ ಕೆಲಸಕ್ಕೆ ತೊಡಗುತ್ತವೆ. ನಿದ್ರೆಯಲ್ಲಿ, ವಿಶೇಷವಾಗಿ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ಹಾಗೂ ಕನಸುಗಳು ಬೀಳುವ ಹಂತದಲ್ಲಿ, ಈ ಸ್ನಾಯುಗಳ ಹಿಡಿತ ಎಲ್ಲರಲ್ಲಿಯೂ ಕಡಿಮೆಯಾಗುತ್ತದೆ. ಆರೋಗ್ಯವಂತ ಮಗುವಿನಲ್ಲಿ ದಾರಿ ಅಗಲವಾಗಿರುವುದರಿಂದಲೂ ಮಿದುಳು ಎಚ್ಚರದಿಂದ ಸರಿದೂಗಿಸುವುದರಿಂದಲೂ ತೊಂದರೆಯಾಗುವುದಿಲ್ಲ. ಸೆರೆಬ್ರಲ್ ಪಾಲ್ಸಿಯ ಮಗುವಿನಲ್ಲಿ ಈ ಸ್ನಾಯುಗಳಿಗೆ ಆಜ್ಞೆ ಕಳಿಸುವ ಮಿದುಳಿಗೇ ಪೆಟ್ಟು ಬಿದ್ದಿರುತ್ತದೆ. ದವಡೆ ಹಿಂದಕ್ಕೆ ಸರಿದಿರಬಹುದು. ನುಂಗುವುದು ಸರಾಗವಿಲ್ಲದ್ದರಿಂದ ಜೊಲ್ಲು ಗಂಟಲಿನಲ್ಲಿ ನಿಲ್ಲಬಹುದು. ಎಲ್ಲ ಮಕ್ಕಳಲ್ಲೂ ಟಾನ್ಸಿಲ್ ಮತ್ತು ಅಡಿನಾಯ್ಡ್ ಎದ್ದು ಕಾಣುವ ವಯಸ್ಸಿನಲ್ಲಿ ಇವರ ಕಿರಿದಾದ ದಾರಿ ಇನ್ನಷ್ಟು ಕಿರಿದಾಗಬಹುದು. ಬೆನ್ನೆಲುಬು ಪಕ್ಕಕ್ಕೆ ಬಾಗಿ ಎದೆಗೂಡು ಒತ್ತಿಹೋದವರಲ್ಲಿ ಪುಪ್ಪುಸಕ್ಕೂ ಅರಳಲು ಜಾಗ ಸಾಲದು. ಹೀಗೆ ದಾರಿ ಮುಚ್ಚಿ, ಎದೆ ಏರಿಳಿಯುತ್ತಿದ್ದರೂ ಗಾಳಿ ಒಳಹೋಗದ ಸ್ಥಿತಿಯನ್ನು ತಡೆಯ ಉಸಿರುನಿಲುಗಡೆ ಎನ್ನಬಹುದು. ಮಿದುಳುಕಾಂಡದಿಂದ ಉಸಿರಾಡುವ ಆಜ್ಞೆಯೇ ಹೊರಡದೆ ಎದೆಯೂ ನಿಶ್ಚಲವಾಗುವುದು ಇದರಿಂದ ಭಿನ್ನವಾದ, ಕೇಂದ್ರೀಯ ಎಂದು ಕರೆಯಲಾಗುವ ಬಗೆ. ಎರಡಕ್ಕೂ ಒಟ್ಟಾಗಿ ಸ್ಲೀಪ್ ಅಪ್ನಿಯಾ ಎಂಬ ಹೆಸರು ಬಳಕೆಯಲ್ಲಿದೆ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಮಕ್ಕಳ ನಿದ್ರೆಯ ಉಸಿರಿನ ವಿಷಯದಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಅದಕ್ಕೆ ತುಸು ಮೊದಲು, 1897ರಲ್ಲಿ, ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್, ಮನೋವಿಶ್ಲೇಷಣೆಯ ದಾರಿಗೆ ತಿರುಗುವ ಕಾಲದಲ್ಲೇ, ಮಕ್ಕಳ ಈ ಪಾರ್ಶ್ವವಾಯುಗಳ ಬಗ್ಗೆ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿ, ಕಷ್ಟದ ಹೆರಿಗೆಯೇ ಗರ್ಭದಲ್ಲಿ ಮೊದಲೇ ಆದ ಏರುಪೇರಿನ ಲಕ್ಷಣವಿರಬಹುದೆಂದು ಲಿಟಲ್‌ನ ವಾದಕ್ಕೆ ತಿದ್ದುಪಡಿ ಸೂಚಿಸಿದನು. ಆ ಸೂಚನೆಗೆ ಬೆಲೆ ಬಂದದ್ದು ಬಹಳ ತಡವಾಗಿ, 1980ರ ದಶಕದಲ್ಲಿ. ಅಮೆರಿಕದಲ್ಲಿ 1959ರಿಂದ 1966ರವರೆಗೆ ಐವತ್ತು ಸಾವಿರಕ್ಕೂ ಹೆಚ್ಚು ಗರ್ಭಧಾರಣೆಗಳನ್ನು ಹಿಂಬಾಲಿಸಿದ ಅಧ್ಯಯನದ ಮಾಹಿತಿಯನ್ನು ಕ್ಯಾರಿನ್ ನೆಲ್ಸನ್ ಮತ್ತು ಜೋನಸ್ ಎಲೆನ್‌ಬರ್ಗ್ ಪರಿಶೀಲಿಸಿ, ಹುಟ್ಟಿನ ವೇಳೆಯ ಉಸಿರುಕಟ್ಟುವಿಕೆಯೊಂದರಿಂದಲೇ ವಿವರಿಸಬಹುದಾದ ಪ್ರಕರಣಗಳು ಅಲ್ಪಭಾಗ ಮಾತ್ರ ಎಂದು ಆಗ ತೋರಿಸಿದರು. ನಡುವಿನ ಕಾಲದಲ್ಲಿ ಉಸಿರಿನ ಬಗೆಗಿನ ಎಲ್ಲ ಚರ್ಚೆ ಆ ಮೊದಲ ನಿಮಿಷಗಳ ಸುತ್ತಲೇ ಸುತ್ತಿತು. 1953ರಲ್ಲಿ ವರ್ಜೀನಿಯಾ ಎಪ್‌ಗಾರ್ ಪ್ರಕಟಿಸಿದ, ನವಜಾತ ಶಿಶುವಿನ ಬಣ್ಣ, ನಾಡಿ, ಪ್ರತಿಕ್ರಿಯೆ, ಸ್ನಾಯುಬಿಗಿ, ಉಸಿರು ಎಂಬ ಐದು ಅಂಶಗಳಿಗೆ ಅಂಕ ಕೊಡುವ ಪದ್ಧತಿ ಜಗತ್ತಿನ ಹೆರಿಗೆ ಕೋಣೆಗಳಲ್ಲೆಲ್ಲ ಹರಡಿತು. ಚಿಕಿತ್ಸೆಯ ಕಡೆ ಬಾಲ್ಟಿಮೋರಿನಲ್ಲಿ ವಿಂತ್ರಾಪ್ ಫೆಲ್ಪ್ಸ್, ಲಂಡನ್ನಿನಲ್ಲಿ ಬರ್ಟಾ ಮತ್ತು ಕರೆಲ್ ಬೋಬಾತ್ ದಂಪತಿ ಮಗುವನ್ನು ಕೂರಿಸುವ, ನಿಲ್ಲಿಸುವ, ನಡೆಸುವ ವಿದ್ಯೆಯನ್ನು ಅಪಾರ ಶ್ರದ್ಧೆಯಿಂದ ಬೆಳೆಸಿದರು. ಅವರ ಕೆಲಸದ ಮೌಲ್ಯವನ್ನು ಕಡಿಮೆ ಮಾಡುವಂತಿಲ್ಲ. ಆದರೆ ಆ ತರಬೇತಿ ಕೇಂದ್ರಗಳೆಲ್ಲ ಹಗಲಿನಲ್ಲಿ ತೆರೆದಿದ್ದು ಎಚ್ಚರವಿರುವ ಮಗುವನ್ನು ಮಾತ್ರ ಕಾಣುತ್ತಿದ್ದವು. 1964ರಲ್ಲಿ ಮಾರ್ಟಿನ್ ಬ್ಯಾಕ್ಸ್ ಪ್ರಕಟಿಸಿದ, ದಶಕಗಳ ಕಾಲ ಎಲ್ಲರೂ ಒಪ್ಪಿ ಬಳಸಿದ ಚಿಕ್ಕ ವ್ಯಾಖ್ಯೆಯು ಈ ಸ್ಥಿತಿಯನ್ನು ಚಲನೆ ಮತ್ತು ನಿಲುವಿನ ದೋಷವೆಂದೇ ಗುರುತಿಸಿತು.

ರಾತ್ರಿಯನ್ನು ಅಳೆಯುವ ವಿದ್ಯೆ ಬೇರೆ ಕಡೆಯಿಂದ ಬರಬೇಕಾಯಿತು. ಹಾನ್ಸ್ ಬರ್ಗರ್ 1929ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳ ದಾಖಲೆಯನ್ನು, ಅಂದರೆ ಇಇಜಿಯನ್ನು, ಪ್ರಕಟಿಸಿದ ಮೇಲೆ ನಿದ್ರೆ ಮೊದಲ ಬಾರಿಗೆ ಕಾಗದದ ಮೇಲೆ ಮೂಡತೊಡಗಿತು. 1953ರಲ್ಲಿ ಷಿಕಾಗೋದಲ್ಲಿ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ನಿದ್ರೆಯೊಳಗಿನ ಕಣ್ಣುಚಲನೆಯ ಹಂತವನ್ನು ಗುರುತಿಸಿದರು. 1965ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಹೆನ್ರಿ ಗ್ಯಾಸ್ಟೋ ಮತ್ತು ಸಂಗಡಿಗರು, ಜರ್ಮನಿಯ ಫ್ರೈಬರ್ಗಿನಲ್ಲಿ ಯುಂಗ್ ಮತ್ತು ಕೂಲೋ, ಹಗಲಲ್ಲಿ ತೂಕಡಿಸುವ ಸ್ಥೂಲಕಾಯದ ರೋಗಿಗಳ ಉಸಿರನ್ನೂ ಇಇಜಿಯ ಜೊತೆಗೇ ದಾಖಲಿಸಿ, ಅವರ ಉಸಿರು ರಾತ್ರಿಯಿಡೀ ಮತ್ತೆ ಮತ್ತೆ ನಿಲ್ಲುತ್ತಿರುವುದನ್ನು ಪರಸ್ಪರ ಸ್ವತಂತ್ರವಾಗಿ ಕಂಡುಹಿಡಿದರು. ಗ್ಯಾಸ್ಟೋ ಮೂಲತಃ ಮೂರ್ಛೆರೋಗದ ತಜ್ಞ ಎಂಬುದನ್ನು ಇಲ್ಲಿ ನೆನಪಿಡಬೇಕು, ಏಕೆಂದರೆ ಸೆರೆಬ್ರಲ್ ಪಾಲ್ಸಿಯ ಅನೇಕ ಮಕ್ಕಳಿಗೆ ಮೂರ್ಛೆಯೂ ಇರುತ್ತದೆ, ಮುರಿದ ನಿದ್ರೆ ಮೂರ್ಛೆಯನ್ನು ಕೆರಳಿಸುತ್ತದೆ. 1976ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಗಿಯೆಮಿನೋ ಮತ್ತು ಜೊತೆಗಾರರು ಎಂಟು ಮಕ್ಕಳ ಸ್ಲೀಪ್ ಅಪ್ನಿಯಾದ ವರದಿ ಪ್ರಕಟಿಸಿದಾಗ, ಆಸ್ಲರ್ ವರ್ಣಿಸಿದ್ದ ಆ ರಾತ್ರಿ ಸುಮಾರು 84 ವರ್ಷಗಳ ಬಳಿಕ ಅಳತೆಗೆ ಸಿಕ್ಕಿತು. ಮಿದುಳಲೆ, ಕಣ್ಣುಚಲನೆ, ಗದ್ದದ ಸ್ನಾಯುಬಿಗಿ, ಮೂಗಿನ ಗಾಳಿ, ಎದೆ ಮತ್ತು ಹೊಟ್ಟೆಯ ಏರಿಳಿತ, ಹೃದಯಬಡಿತ ಎಲ್ಲವನ್ನೂ ರಾತ್ರಿಯಿಡೀ ಒಟ್ಟಿಗೆ ದಾಖಲಿಸುವ ಈ ಪರೀಕ್ಷೆಗೆ ಪಾಲಿಸೋಮ್ನೋಗ್ರಫಿ ಎಂದು ಹೆಸರು. ಜಪಾನಿನ ಟಕುವೊ ಅವೊಯಾಗಿ 1970ರ ದಶಕದಲ್ಲಿ ರೂಪಿಸಿದ ಪಲ್ಸ್ ಆಕ್ಸಿಮೀಟರ್, ಬೆರಳಿಗೆ ಸಿಕ್ಕಿಸಿದ ಬೆಳಕಿನಿಂದಲೇ ರಕ್ತದ ಆಮ್ಲಜನಕವನ್ನು ತಿಳಿಸತೊಡಗಿದ ಮೇಲೆ, ಸೂಜಿ ಚುಚ್ಚದೆ ಮಗುವಿನ ರಾತ್ರಿಯನ್ನು ಕಾಯುವುದು ಸಾಧ್ಯವಾಯಿತು.

ಈ ಎರಡು ದಾರಿಗಳು ಕೂಡಿದ ಜಾಗಗಳಲ್ಲಿ ಮುಖ್ಯವಾದದ್ದು 1994ರಲ್ಲಿ ಬೆಳವಣಿಗೆಯ ವೈದ್ಯಶಾಸ್ತ್ರದ ಪತ್ರಿಕೆಯೊಂದರಲ್ಲಿ ಸುರೇಶ್ ಕೋಟಗಲ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನ. ತೀವ್ರ ಸೆರೆಬ್ರಲ್ ಪಾಲ್ಸಿಯ ಮಕ್ಕಳನ್ನು ರಾತ್ರಿಯಿಡೀ ಪಾಲಿಸೋಮ್ನೋಗ್ರಫಿಗೆ ಒಳಪಡಿಸಿ ಇತರ ಮಕ್ಕಳೊಡನೆ ಹೋಲಿಸಿದಾಗ, ಇವರಲ್ಲಿ ಪ್ರತಿ ಗಂಟೆಗೆ ಆಗುವ ಉಸಿರುತಡೆಗಳು ಹೆಚ್ಚೆಂದೂ, ಮೂರ್ಛೆಗೆ ಸಂಬಂಧಿಸಿದ ವಿದ್ಯುತ್ ಸಿಡಿತಗಳು ಇಇಜಿಯಲ್ಲಿ ಹೇರಳವೆಂದೂ ಕಂಡಿತು. ಇವೆರಡಕ್ಕಿಂತಲೂ ಮನಸ್ಸಿಗೆ ನಾಟುವಂಥದ್ದು ಮೂರನೆಯ ಅಂಶ: ಈ ಮಕ್ಕಳು ನಿದ್ರೆಯಲ್ಲಿ ಮಗ್ಗುಲು ಬದಲಿಸುವುದು ಕಡಿಮೆ. ಬೇರೆ ಮಗುವಾದರೆ ಗಂಟಲು ಮುಚ್ಚಿದೊಡನೆ ಅರೆಎಚ್ಚರದಲ್ಲಿ ಹೊರಳಿ, ಕತ್ತು ಸರಿಸಿ, ದಾರಿ ತೆರೆದುಕೊಂಡು ಮತ್ತೆ ಮಲಗುತ್ತದೆ. ಮಲಗಿಸಿದಂತೆಯೇ ಮಲಗಿರಬೇಕಾದ ಮಗುವಿಗೆ ಆ ಚಿಕ್ಕ ಬಿಡುಗಡೆಯೂ ಇಲ್ಲ. ಚಲನೆಯ ದೋಷವೆಂದು ಶತಮಾನದಿಂದ ಕರೆಯುತ್ತ ಬಂದದ್ದು ಉಸಿರಿನ ದೋಷವಾಗಿ ಪರಿಣಮಿಸುವ ಬಗೆಯನ್ನು ಈ ಒಂದು ಅವಲೋಕನ ತೆರೆದು ತೋರಿಸಿತು.

ಆ ಬಳಿಕ ಕೆಲಸ ವೇಗ ಪಡೆಯಿತು. 1997ರಲ್ಲಿ ಕೆನಡಾದ ತಜ್ಞರು ಮಕ್ಕಳ ಚಲನಶಕ್ತಿಯನ್ನು, ಸ್ವತಂತ್ರವಾಗಿ ನಡೆಯಬಲ್ಲವರಿಂದ ಹಿಡಿದು ತಲೆಯನ್ನೂ ನಿಲ್ಲಿಸಲಾರದವರವರೆಗೆ, ಐದು ಹಂತಗಳಲ್ಲಿ ವಿಂಗಡಿಸುವ ಪದ್ಧತಿ ಕೊಟ್ಟದ್ದರಿಂದ ನಿದ್ರೆಯ ತೊಂದರೆಯನ್ನು ತೀವ್ರತೆಯೊಡನೆ ಹೋಲಿಸಿ ನೋಡುವುದು ಸುಲಭವಾಯಿತು. 2006ರಲ್ಲಿ ಡಬ್ಲಿನ್ನಿನ ಸಂಶೋಧಕರು 6ರಿಂದ 11 ವರ್ಷದೊಳಗಿನ 173 ಮಕ್ಕಳ ತಂದೆತಾಯಿಯರಿಂದ ಪ್ರಶ್ನಾವಳಿ ತುಂಬಿಸಿಕೊಂಡಾಗ, ಶೇಕಡಾ 23ರಷ್ಟು ಮಕ್ಕಳಲ್ಲಿ ನಿದ್ರೆ ರೋಗವೆನ್ನಬಹುದಾದ ಮಟ್ಟಕ್ಕೆ ಕೆಟ್ಟಿತ್ತು. ಸಾಮಾನ್ಯ ಮಕ್ಕಳಲ್ಲಿ ಈ ಪ್ರಮಾಣ ಶೇಕಡಾ 5. ನಿದ್ರೆ ಹತ್ತದಿರುವುದು, ಪದೇ ಪದೇ ಎಚ್ಚರವಾಗುವುದು ಮೊದಲಾದವುಗಳ ಜೊತೆ ನಿದ್ರೆಯ ಉಸಿರಿನ ತೊಂದರೆಯೂ ಆ ಪಟ್ಟಿಯಲ್ಲಿ ಎದ್ದು ಕಂಡಿತು.

ಚಿಕಿತ್ಸೆಯ ಚರಿತ್ರೆ ಅಷ್ಟು ನೇರವಾದ ಗೆರೆಯಲ್ಲಿ ಸಾಗಿಲ್ಲ. 1960ರ ದಶಕದ ಕೊನೆಯಲ್ಲಿ ತೀವ್ರ ಉಸಿರುತಡೆಗೆ ಇದ್ದ ಖಚಿತ ಉಪಾಯವೆಂದರೆ ಕುತ್ತಿಗೆಯ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ ನಳಿಕೆ ಇರಿಸುವುದು. ಮನೆಯಲ್ಲಿ ಅದನ್ನು ನೋಡಿಕೊಳ್ಳುವ ಹೊರೆ ಇಂದಿಗೂ ಹಗುರವಲ್ಲ. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಪ್ರಕಟಿಸಿದ ಸಿಪ್ಯಾಪ್ ವಿಧಾನ, ಮೂಗಿನ ಮೇಲಿನ ಮುಖವಾಡದ ಮೂಲಕ ನಿರಂತರ ಒತ್ತಡದಲ್ಲಿ ಗಾಳಿ ಹಾಯಿಸಿ ಗಂಟಲು ಕುಸಿಯದಂತೆ ಹಿಡಿಯುವುದು, ದೊಡ್ಡ ತಿರುವಾಯಿತು. ಆದರೆ ಮುಖದ ಸ್ಪರ್ಶವನ್ನು ಸಹಿಸದ, ತಾನಾಗಿ ಮುಖವಾಡ ಕಳಚಲಾರದ, ವಾಂತಿಯಾದರೆ ಕೂಗಿ ಹೇಳಲಾರದ ಮಗುವಿಗೆ ಅದನ್ನು ಅಳವಡಿಸುವುದು ಬಹಳ ತಾಳ್ಮೆಯ ಕೆಲಸ. ಟಾನ್ಸಿಲ್ ಮತ್ತು ಅಡಿನಾಯ್ಡ್ ತೆಗೆಯುವ ಶಸ್ತ್ರಕ್ರಿಯೆ ಅನೇಕರಿಗೆ ನೆರವಾಗುತ್ತದೆಯಾದರೂ, ಅಡ್ಡಿಯ ಮೂಲ ಸ್ನಾಯುವಿನ ಹಿಡಿತದಲ್ಲಿರುವಾಗ ಅದೊಂದರಿಂದಲೇ ಪೂರ್ಣ ಪರಿಹಾರ ಸಿಗದಿರಬಹುದು. ಬಿಗಿತವನ್ನು ಸಡಿಲಿಸಲು ಕೊಡುವ ಡಯಾಜಿಪಾಮ್‌ನಂತಹ ಔಷಧಗಳು ಗಂಟಲಿನ ಸ್ನಾಯುಗಳನ್ನೂ ಸಡಿಲಿಸಿ ಉಸಿರಿನ ಪ್ರೇರಣೆಯನ್ನು ತಗ್ಗಿಸಬಲ್ಲವು. ಕಾಲಿಗೆ ಒಳಿತಾದದ್ದು ಉಸಿರಿಗೆ ಕೆಡುಕಾಗದಂತೆ ತೂಗಿ ನೋಡಬೇಕಾದ ಅಗತ್ಯ ಇಲ್ಲಿಂದ ಹುಟ್ಟಿತು. ಸೊಂಟದ ಕೀಲು ಜಾರದಂತೆ ರಾತ್ರಿಯಿಡೀ ಒಂದೇ ಭಂಗಿಯಲ್ಲಿ ಹಿಡಿದಿಡುವ ಮಲಗುಸಾಧನಗಳ ಬಗ್ಗೆಯೂ ಇದೇ ಮಾತು ಹೇಳಬೇಕು. ಲಭ್ಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ 2015ರ ಕಾಕ್ರೇನ್ ವಿಮರ್ಶೆಗೆ ಅವುಗಳ ಪ್ರಯೋಜನವನ್ನು ಸ್ಥಾಪಿಸುವಷ್ಟು ಉತ್ತಮ ಪ್ರಯೋಗಗಳೇ ದೊರಕಲಿಲ್ಲ.

ಸಾಕ್ಷ್ಯದ ಈ ಕೊರತೆ ಆಕಸ್ಮಿಕವಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2002ರಲ್ಲಿ ಮಕ್ಕಳ ಉಸಿರುತಡೆಯ ಬಗ್ಗೆ ಮಾರ್ಗಸೂಚಿ ಹೊರಡಿಸಿದಾಗ ಅದನ್ನು ಬೇರೆ ತೊಡಕುಗಳಿಲ್ಲದ ಮಕ್ಕಳಿಗೆ ಸೀಮಿತಗೊಳಿಸಿ, ಸೆರೆಬ್ರಲ್ ಪಾಲ್ಸಿಯ ಮಕ್ಕಳನ್ನು ಹೊರಗಿಟ್ಟಿತು. ಪ್ರಕರಣ ಜಟಿಲವೆಂಬ ಕಾರಣ ಶಾಸ್ತ್ರೀಯವಾಗಿ ಸರಿಯಾದರೂ, ಅತಿ ಹೆಚ್ಚು ಅಪಾಯದಲ್ಲಿರುವವರ ಬಗ್ಗೆಯೇ ಅತಿ ಕಡಿಮೆ ತಿಳಿವಳಿಕೆ ಉಳಿಯುವುದು ಅದರ ಫಲ. 2004ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಸೇರಿದ ತಜ್ಞರ ಚರ್ಚೆಯಿಂದ ಹೊರಟು 2007ರಲ್ಲಿ ಪ್ರಕಟವಾದ ಹೊಸ ವ್ಯಾಖ್ಯೆ, ಚಲನೆಯ ದೋಷದ ಜೊತೆಗೆ ಇಂದ್ರಿಯಗ್ರಹಣ, ಅರಿವು, ಸಂವಹನ, ನಡವಳಿಕೆ, ಮೂರ್ಛೆ, ಮೂಳೆಸ್ನಾಯುಗಳ ತೊಂದರೆಗಳನ್ನು ಹೆಸರಿಸಿ ಬ್ಯಾಕ್ಸ್‌ನ ವ್ಯಾಖ್ಯೆಗಿಂತ ಬಹಳ ವಿಶಾಲವಾಯಿತು. ನಿದ್ರೆಗೂ ಉಸಿರಿಗೂ ಆ ವಾಕ್ಯದಲ್ಲಿ ಜಾಗ ಸಿಗಲಿಲ್ಲ. ತೀವ್ರ ಸ್ವರೂಪದ ಸೆರೆಬ್ರಲ್ ಪಾಲ್ಸಿ ಇರುವವರ ಸಾವಿಗೆ ಉಸಿರಾಟದ ಕಾಯಿಲೆಗಳೇ ಮುಖ್ಯ ಕಾರಣವೆಂದು ಕ್ಯಾಲಿಫೋರ್ನಿಯಾ ಮತ್ತು ಪಶ್ಚಿಮ ಆಸ್ಟ್ರೇಲಿಯದ ದಾಖಲೆಗಳು ಅಷ್ಟು ಹೊತ್ತಿಗಾಗಲೇ ತೋರಿಸಿದ್ದವು ಎಂಬುದನ್ನು ನೆನೆದರೆ ಈ ಬಿಟ್ಟುಹೋಗುವಿಕೆ ಚಿಕ್ಕದಲ್ಲ.

ಭಾರತದಲ್ಲಿ ಈ ಮಕ್ಕಳಿಗಾಗಿ ಸಂಘಟಿತ ಸೇವೆ ಆರಂಭವಾದದ್ದು 1972ರಲ್ಲಿ ಮಿಥು ಆಲೂರ್ ಮುಂಬಯಿಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿಯನ್ನು ಸ್ಥಾಪಿಸಿದಾಗ. ಅದರ ಬೆನ್ನಿಗೆ ಕೊಲ್ಕತ್ತಾದಲ್ಲಿ, 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಇಂಥ ಸಂಸ್ಥೆಗಳು ಬೆಳೆದವು. ಶಾಲೆಗೆ ಸೇರಿಸಿಕೊಳ್ಳದ ಮಗುವಿಗೆ ಶಾಲೆಯನ್ನೂ ಫಿಜಿಯೋಥೆರಪಿಯನ್ನೂ ಒಂದೇ ಸೂರಿನಡಿ ಒದಗಿಸಿದ್ದು ಅವುಗಳ ಚಾರಿತ್ರಿಕ ಸಾಧನೆ. ಕಾನೂನು ಮಾತ್ರ ಲಿಟಲ್‌ನ ಕಾಲದ ದೃಷ್ಟಿಯನ್ನೇ ಉಳಿಸಿಕೊಂಡಿತು: 1995ರ ಅಂಗವಿಕಲರ ಕಾಯ್ದೆ ಸೆರೆಬ್ರಲ್ ಪಾಲ್ಸಿಯನ್ನು ಚಲನವೈಕಲ್ಯದ ವ್ಯಾಖ್ಯೆಯೊಳಗೆ ಸೇರಿಸಿತು, ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಗುರುತಿಸಿದ 2016ರ ಕಾಯ್ದೆಯೂ ಅದನ್ನು ಅದೇ ತಲೆಬರಹದಡಿ ಇರಿಸಿತು. ಹುಟ್ಟಿನ ಉಸಿರುಕಟ್ಟುವಿಕೆ, ಅವಧಿಪೂರ್ವ ಜನನ ಹಾಗೂ ಚಿಕಿತ್ಸೆ ಸಿಗದ ಕಾಮಾಲೆ ಇಲ್ಲಿ ಇನ್ನೂ ಮುಖ್ಯ ಕಾರಣಗಳಾಗಿರುವುದರಿಂದ ಲಿಟಲ್ ಎತ್ತಿದ ಪ್ರಶ್ನೆ ಹಳತಾಗಿಲ್ಲ. ಅದರ ಮುಂದುವರಿಕೆಯಾದ ರಾತ್ರಿಯ ಪ್ರಶ್ನೆಗೆ ಉತ್ತರ ಹುಡುಕುವ ನಿದ್ರಾಪ್ರಯೋಗಾಲಯಗಳು ಬಹುತೇಕ ದೊಡ್ಡ ನಗರಗಳಲ್ಲಿವೆ. ಆದರೆ ಮಕ್ಕಳು ದೊಡ್ಡವರ ಮಗ್ಗುಲಲ್ಲೇ ಮಲಗುವ ಈ ನಾಡಿನ ಮನೆಗಳಲ್ಲಿ, ಮಗುವಿನ ಗೊರಕೆ ಯಾವಾಗ ನಿಂತಿತು, ಯಾವ ಮಗ್ಗುಲಿಗೆ ಹೊರಳಿಸಿದರೆ ಉಸಿರು ಸರಾಗವಾಯಿತು, ಬೆಳಗ್ಗೆ ಮೈ ಬೆವರಿತ್ತೇ, ಎದ್ದಾಗ ತಲೆನೋವಿನಿಂದ ಅತ್ತಿತೇ ಎಂಬ ವಿವರಗಳು ತಾಯಿಗೋ ಅಜ್ಜಿಗೋ ತಿಳಿದೇ ಇರುತ್ತವೆ. ಮಾರ್ಗಸೂಚಿಗಳು ಇಂದು ವೈದ್ಯರು ಪ್ರತಿ ಭೇಟಿಯಲ್ಲೂ ಕೇಳಬೇಕೆಂದು ಹೇಳುವ ಪ್ರಶ್ನೆಗಳು ಬಹುಪಾಲು ಇವೇ. ನಿದ್ರಿಸುವ ಮಗುವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ತರಲು ಹೇಳುವ, ಮನೆಯಲ್ಲೇ ರಾತ್ರಿಯಿಡೀ ಆಕ್ಸಿಮೀಟರ್ ಕಟ್ಟಿ ಆಮ್ಲಜನಕದ ಗೆರೆಯನ್ನು ಪಡೆಯುವ ಕ್ರಮಗಳು, ಪೂರ್ಣ ಪರೀಕ್ಷೆ ಯಾರಿಗೆ ಮೊದಲು ಬೇಕೆಂಬುದನ್ನು ನಿರ್ಧರಿಸುವ ಮಟ್ಟಿಗೆ, ಪ್ರಯೋಗಾಲಯದಿಂದ ದೂರವಿರುವ ಊರುಗಳಿಗೂ ಈ ವಿದ್ಯೆಯನ್ನು ತಲುಪಿಸತೊಡಗಿವೆ.